ಕೂತಾಗಿನ ಎತ್ತರ

ಬಡಗಿಯ ಮನೆಯಲ್ಲಿ ಮೇಜಿಗೆ ಬರವಿರಲಿಲ್ಲ. ಊಟಕ್ಕೊಂದು, ಮೊಮ್ಮಗಳ ಓದಿಗೊಂದು, ಟೀವಿ ಇಡಲೊಂದು, ಯಾರೋ ಮಾಡಿಸಿ ಒಯ್ಯದೆ ಬಿಟ್ಟದ್ದು ಎರಡು. ಆದರೂ ಆ ಮನೆಯ ಸೊಸೆ ಆರು ವರ್ಷದಿಂದ ಕೆಲಸ ಮಾಡುತ್ತಿದ್ದದ್ದು ಊಟದ ಮೇಜಿನ ಒಂದು ಮೂಲೆಯಲ್ಲಿ.

ಅವಳದು ಕೇಳಿ ಬರೆಯುವ ಕೆಲಸ. ಆಸ್ಪತ್ರೆಯ ವೈದ್ಯರು ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ, ಧ್ವನಿಮುದ್ರಿಸಿ ಕಳಿಸುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ, ಟೈಪ್ ಮಾಡಿ ವಾಪಸ್ ಕಳಿಸಬೇಕು. ಕಾಲಡಿ ಒಂದು ಸಣ್ಣ ಪೆಡಲ್. ಒತ್ತಿದರೆ ವೈದ್ಯರು ಮಾತಾಡುತ್ತಾರೆ, ಬಿಟ್ಟರೆ ಬಾಯಿ ಮುಚ್ಚುತ್ತಾರೆ.

“ಡಾಕ್ಟರುಗಳನ್ನ ಕಾಲಲ್ಲಿ ಕುಣಿಸೋ ಕೆಲಸ ನಿಮ್ಮಮ್ಮಂದು” ಎಂದು ಅತ್ತೆ ಮೊಮ್ಮಗಳಿಗೆ ಹೇಳುತ್ತಿದ್ದರು.

ಊಟದ ಹೊತ್ತಿಗೆ ಕಂಪ್ಯೂಟರ್ ಎತ್ತಿಡಬೇಕು, ಊಟವಾದ ಮೇಲೆ ಮತ್ತೆ ಹೂಡಬೇಕು. ಒಂದು ದಿನ ಬೆಳಿಗ್ಗೆ ಅವಳ ಕುತ್ತಿಗೆ ಬಲಕ್ಕೆ ತಿರುಗಲಿಲ್ಲ. ಮುಂದಿನ ವಾರ ಬಲಗೈಯ ಎರಡು ಬೆರಳು ಜೋಮು ಹಿಡಿದವು. ಅದರ ಮುಂದಿನ ವಾರ ಕಂಪನಿಯ ಮೇಲ್ವಿಚಾರಕಿ ಫೋನ್ ಮಾಡಿದಳು.

“ನೂರಕ್ಕೆ ತೊಂಬತ್ತೆಂಟು ಸರಿ ಇರಬೇಕು ಅಂತ ನಿಯಮ. ನಿಮ್ಮದು ತೊಂಬತ್ತೈದಕ್ಕೆ ಇಳಿದಿದೆ. ಒಬ್ಬರದು ಎಡ ಮೊಣಕಾಲು ಅಂತ ಡಾಕ್ಟರು ಹೇಳಿದ್ದನ್ನ ಬಲ ಅಂತ ಹಾಕಿದೀರಿ. ಅದು ಆಪರೇಷನ್‌ಗೆ ಹೋಗೋ ಕಾಗದ ಕಣ್ರೀ.”

ಅವಳು ಜೋಮು ಹಿಡಿದ ಬೆರಳುಗಳನ್ನು ಉಜ್ಜಿಕೊಂಡಳು. “ಕೈ ಸ್ವಲ್ಪ...”

“ಕೂರೋ ಜಾಗ ಸರಿ ಮಾಡ್ಕೊಳ್ಳಿ. ಎರಡು ತಿಂಗಳು ಕೊಡ್ತೀವಿ. ಪಕ್ಕದಿಂದ ತೆಗೆದ ಒಂದು ಫೋಟೋ ಕಳಿಸ್ಬೇಕು, ಕೂತು ಟೈಪ್ ಮಾಡ್ತಿರೋದು. ಅದಾದ ಮೇಲೂ ತಪ್ಪು ಇಳೀಲಿಲ್ಲ ಅಂದ್ರೆ ಕೆಲಸ ಬೇರೆಯವರಿಗೆ ಹೋಗತ್ತೆ. ಬೇಜಾರು ಮಾಡ್ಕೋಬೇಡಿ.”

ಆ ಎಡ ಮೊಣಕಾಲಿನ ಮನುಷ್ಯ ಯಾರೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಬೀದಿಯಲ್ಲಿ ಯಾರಾದರೂ ಕುಂಟುತ್ತ ಬಂದರೆ ಆಚೆ ಬದಿಗೆ ದಾಟಿಬಿಡುತ್ತಿದ್ದಳು.

ವ್ಯಾಯಾಮ ಕಲಿಸುವ ಫಿಸಿಯೋ ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಹೇಳಿಕೊಟ್ಟಳು. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಬೆನ್ನಿಗೆ ಆಸರೆ ಇರಬೇಕು. ಭುಜ ಇಳಿಬಿಟ್ಟಾಗ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿಗೆ ಮೇಜು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ. ಕಿಟಕಿ ಪಕ್ಕದಲ್ಲಿರಲಿ, ಎದುರಿಗೂ ಬೇಡ, ಬೆನ್ನಿಗೂ ಬೇಡ. ಜೊತೆಗೆ ಹೋಗಿದ್ದ ಒಂಬತ್ತು ವರ್ಷದ ಮಗಳು ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಳು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುವುದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು.

ಗಂಡ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು. ಒಂದು ಸಂಜೆ ಅಂಗಡಿಯ ಬಣ್ಣದ ಹಾಳೆಯೊಂದನ್ನು ತಂದು ಊಟದ ತಟ್ಟೆಗಳ ನಡುವೆ ಹರವಿದ. ಗುಂಡಿ ಒತ್ತಿದರೆ ಏರುವ, ಇಳಿಯುವ ಮೇಜು.

“ಇದೇನು?” ಮಾವ ಕನ್ನಡಕ ಹಾಕಿಕೊಂಡರು.

“ಇವಳ ಕೆಲಸಕ್ಕೆ ಅಪ್ಪ. ಎತ್ತರ ಬೇಕಾದ ಹಾಗೆ ಮಾಡ್ಕೋಬಹುದು.”

“ಎತ್ತರ ಗೊತ್ತಿಲ್ಲದವನು ಮಾಡಿದ ಮೇಜು ಅನ್ನು. ಗೊತ್ತಿದ್ದಿದ್ರೆ ಒಂದು ಕಡೆ ನಿಲ್ಲಿಸ್ತಿದ್ದ.”

ಗಿಣಿ ಕಿಸಕ್ಕನೆ ನಕ್ಕಳು. ಮಾವ ಹಾಳೆಯನ್ನು ಬೆಳಕಿಗೆ ಹಿಡಿದರು. “ಇದು ಮರ ಅಲ್ಲ. ಹೊಟ್ಟಿಗೆ ಅಂಟು ಕಲಸಿ ಒತ್ತಿರೋದು. ನೀರು ಬಿದ್ರೆ ಬ್ರೆಡ್ಡಿನ ಹಾಗೆ ಉಬ್ಬತ್ತೆ.”

“ಕಾಲು ಕಬ್ಬಿಣದ್ದು ಅಪ್ಪ.”

“ಹಾಗಾದ್ರೆ ಕಾಲು ಉಳಿಯತ್ತೆ.”

“ರೀ, ಮಗ ಹೇಳೋದನ್ನ ಪೂರ್ತಿ ಕೇಳಿ” ಎಂದು ಅತ್ತೆ ಪಾತ್ರೆಯಿಂದ ಅನ್ನ ಬಡಿಸಿದರು.

“ಏನು ಕೇಳೋದು? ಈ ಮನೆಗೆ ಅಂಗಡಿಯಿಂದ ಮೇಜು ಬಂದ್ರೆ ಬೀದಿಯವರು ಏನಂತಾರೆ? ಮೇಸ್ತ್ರಿ ಕೈ ಬಿದ್ದುಹೋಯ್ತು ಅಂತಾರೆ. ಹತ್ತು ದಿನ ಕೊಡಿ ನನಗೆ.”

ಬೀದಿಯವರು ಅವರನ್ನು ರಸಮಟ್ಟದ ಮೇಸ್ತ್ರಿ ಎನ್ನುತ್ತಿದ್ದರು. ಮಟ್ಟ ನೋಡುವ ರಸಮಟ್ಟ, ಒಳಗೆ ಗುಳ್ಳೆ ಓಡಾಡುವ ಆ ಪುಟ್ಟ ಗಾಜಿನ ಕೊಳವೆ, ಅವರ ಜೇಬಿನಲ್ಲಿ ಪೆನ್ನಿನ ಹಾಗೆ ಸದಾ ಇರುತ್ತಿತ್ತು. ಯಾರದೋ ಮನೆಗೆ ಚಹಾ ಕುಡಿಯಲು ಹೋದರೂ ಅಲ್ಲಿನ ಮೇಜಿನ ಮೇಲೆ ಅದನ್ನಿಟ್ಟು ನೋಡಿ, ಕಾಲಿನಡಿ ಕಾಗದ ಮಡಚಿ ಕೊಟ್ಟೇ ಏಳುತ್ತಿದ್ದರು. ಅರವತ್ತೆಂಟು ವರ್ಷವಾದರೂ ಹಿತ್ತಲಿನ ಷೆಡ್ಡಿನಲ್ಲಿ ದಿನಕ್ಕೆ ಎರಡು ಗಂಟೆಯಾದರೂ ಮರ ನಯಮಾಡುವ ತೋಪಡ ಓಡಿಸದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅವರು ಅಳತೆಯನ್ನು ಎಂದೂ ಅಂಕಿಯಲ್ಲಿ ಬರೆದಿಟ್ಟವರಲ್ಲ. ಪ್ರತಿ ಕೆಲಸಕ್ಕೂ ಒಂದು ರೀಪು, ಬೆರಳಗಲದ ತೆಳು ಮರದ ಪಟ್ಟಿ. ಅದನ್ನು ನೆಲಕ್ಕೆ ನಿಲ್ಲಿಸಿ, ಬೇಕಾದ ಎತ್ತರಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು, ಹಿಂದೆ ಯಾರ ಯಾವ ಕೆಲಸ ಎಂದು ಬರೆಯುವುದು. “ಅಂಕಿ ಬರೆದ ಚೀಟಿ ಕಳೆದುಹೋಗತ್ತೆ. ರೀಪು ಎಲ್ಲಿ ಹೋಗತ್ತೆ?” ಎನ್ನುತ್ತಿದ್ದರು. ನಲವತ್ತು ವರ್ಷದ ರೀಪುಗಳು ಷೆಡ್ಡಿನ ಅಟ್ಟದ ಮೇಲೆ ಹೊರೆ ಕಟ್ಟಿಕೊಂಡು ಮಲಗಿದ್ದವು.

ಸೊಸೆ ಒಂದು ಮಧ್ಯಾಹ್ನ ಫಿಸಿಯೋ ಬಳಿ ಹೋಗಿ ಬರುವಷ್ಟರಲ್ಲಿ ‘ಸೊಸೆ ಮೇಜು’ ಎಂದು ಬರೆದ ರೀಪು ಸಿದ್ಧವಾಗಿತ್ತು.

“ನನ್ನ ಅಳತೆ ತಗೊಳ್ಳೋದು ಬೇಡ್ವಾ ಮಾವ?”

“ಆಯ್ತು.”

“ಯಾವಾಗ?”

“ಆಯ್ತು ಅಂದ್ನಲ್ಲಮ್ಮ” ಎಂದು ಅವರು ತೋಪಡದ ಕಡೆ ತಿರುಗಿದರು. ಕಣ್ಣಳತೆಯಲ್ಲೇ ಬಾಗಿಲು ಕೂರಿಸುವವರು, ನನ್ನನ್ನೂ ನಡೆದಾಡುವಾಗ ನೋಡಿ ಅಳೆದಿರಬೇಕು ಎಂದುಕೊಂಡು ಅವಳು ಒಳಗೆ ಹೋದಳು. ಅತ್ತೆ ಊಟದ ಮೇಜಿನ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. ಅಡುಗೆಮನೆಯ ಕಟ್ಟೆ ಖಾಲಿ ಇದ್ದರೂ ಅವರು ಹೆಚ್ಚುವುದು, ಕಲಸುವುದು ಎಲ್ಲ ಊಟದ ಮೇಜಿನ ಮೇಲೇ. ನಿಂತು ಹೆಚ್ಚಿದರೆ ಭುಜ ಹಿಡಿಯುತ್ತದೆ ಎನ್ನುತ್ತಿದ್ದರು. ಸಂಜೆ ಗಿಣಿ ಅವರ ಭುಜ ಗುದ್ದಬೇಕು. “ಜೋರಾಗಿ ಗುದ್ದೇ, ಹಂಚಿನ ಮೇಲೆ ಹೂ ಉದುರಿದ ಹಾಗೆ ಗುದ್ದಬೇಡ” ಎನ್ನುವ ಮಾತು ದಿನವೂ ಆರು ಗಂಟೆಗೆ ಶುರುವಾಗುತ್ತಿತ್ತು. ಆಗ ಸೊಸೆ ಹೆಡ್‌ಫೋನಿನ ಸದ್ದನ್ನು ಒಂದು ಗೆರೆ ಹೆಚ್ಚಿಸಿಕೊಳ್ಳುತ್ತಿದ್ದಳು.

ಒಂಬತ್ತನೆಯ ದಿನ ಮೇಜು ಮನೆಯೊಳಗೆ ಬಂತು. ಹಳೆಯ ಬಾಗಿಲಿನ ಗಟ್ಟಿ ಮರ. ಅಂಚುಗಳನ್ನು ಮಣಿಕಟ್ಟಿಗೆ ಒತ್ತದ ಹಾಗೆ ದುಂಡಗೆ ಕೆತ್ತಿದ್ದರು. ಪರದೆ ಇಡಲು ಹಿಂದೆ ಒಂದು ಮೆಟ್ಟಿಲು. ತಂತಿಗಳು ಇಳಿಯಲು ತೂತು. ಪೆಡಲ್ ಜಾರದಂತೆ ಕೆಳಗೆ ನೆಲಕ್ಕೆ ಒಂದು ತಡೆಪಟ್ಟಿ. ಜೊತೆಗೊಂದು ಕುರ್ಚಿ, ಸೊಂಟದ ಹತ್ತಿರ ಸ್ವಲ್ಪ ಉಬ್ಬಿಸಿದ ಬೆನ್ನು. ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತು. ಎದುರುಮನೆಯ ಇಸ್ತ್ರಿ ಅಂಗಡಿಯವನು ನೋಡಲು ಬಂದ.

“ಮೇಸ್ತ್ರೀ, ಇದರ ಮೇಲೆ ಟೈಪ್ ಮಾಡಿದ್ರೆ ರೋಗಿ ಅರ್ಧ ಅಲ್ಲೇ ವಾಸಿಯಾಗ್ಬಿಡ್ತಾನೆ.”

“ಕೂತ್ಕೊಂಡು ನೋಡಮ್ಮ” ಎಂದರು ಮಾವ.

ಎಲ್ಲರ ಮುಂದೆ ಅವಳು ಕೂತಳು. ಪಾದ ನೆಲಕ್ಕೆ ಸರಿಯಾಗಿ ತಾಗಿದವು. ಕೈಗಳನ್ನು ಕೀಲಿಮಣೆಯ ಮೇಲಿಟ್ಟಳು. ಭುಜಗಳೆರಡೂ ಕಿವಿಯ ಕಡೆಗೆ ಎದ್ದವು.

“ಹೇಗಿದೆ?”

ಮಾವನ ಕೂದಲಿನಲ್ಲಿ ಇನ್ನೂ ಮರದ ಪುಡಿ ಇತ್ತು. “ತುಂಬಾ ಚೆನ್ನಾಗಿದೆ ಮಾವ. ಇನ್ನೇನೂ ಬೇಡ” ಎಂದಳು.

ಮಾವ ಅಂದು ಎರಡು ಸಲ ಚಹಾ ಕೇಳಿ ಕುಡಿದರು.

ಆಮೇಲಿನ ಮೂರು ವಾರ ಅವಳು ಆ ಒಂದು ಸುಳ್ಳನ್ನು ಸಾಕಿದಳು. ಕುರ್ಚಿಯ ಮೇಲೆ ಕಂಬಳಿ ಮಡಚಿ ಹಾಕಿ ಕೂತರೆ ಕೈ ಸರಿಹೋಗುತ್ತಿತ್ತು, ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಪೆಡಲನ್ನು ಎರಡು ಇಟ್ಟಿಗೆಯ ಮೇಲಿಟ್ಟರೆ ಒತ್ತಿದಾಗಲೆಲ್ಲ ಜಾರುತ್ತಿತ್ತು. ವೈದ್ಯರ ಮಾತು ಅರ್ಧಕ್ಕೆ ನುಂಗಿಹೋಗುತ್ತಿತ್ತು. ಮಾವನ ಚಪ್ಪಲಿ ಸದ್ದು ಕೇಳಿದರೆ ಕಂಬಳಿ ಎಳೆದು ಮಡಿಲಿಗೆ ಹಾಕಿಕೊಳ್ಳುವಳು, ಇಟ್ಟಿಗೆಯನ್ನು ಕಾಲಿನಿಂದ ಒಳಗೆ ತಳ್ಳುವಳು.

“ಚಳೀನಾ?” ಎಂದು ಮಾವ ಒಂದು ದಿನ ಕೇಳಿದರು.

“ಸ್ವಲ್ಪ.”

ಮರುದಿನ ಅವರು ಕಿಟಕಿಯ ಸಂದಿಗೆಲ್ಲ ರಬ್ಬರ್ ಪಟ್ಟಿ ಬಡಿದುಕೊಟ್ಟರು. ಅವಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು.

“ಅಮ್ಮಾ, ಮೊಣಕೈ ತೊಂಬತ್ತು ಡಿಗ್ರಿ ಇಲ್ಲ. ಭುಜ ಇಳಿಬಿಡಬೇಕು” ಎಂದಳು ಗಿಣಿ.

“ಬಾಯಿ ಮುಚ್ಕೊಂಡು ಲೆಕ್ಕ ಮಾಡು.”

“ನಾನಲ್ಲ, ಫಿಸಿಯೋ ಹೇಳಿದ್ದು.”

ತಪ್ಪುಗಳು ಇಳಿಯಲಿಲ್ಲ. ತೊಂಬತ್ತೈದು ತೊಂಬತ್ತನಾಲ್ಕಾಯಿತು. ಫೋಟೋ ಕಳಿಸಲು ಮೂರು ವಾರ ಉಳಿದಿತ್ತು. ಗಂಡ ಕುತ್ತಿಗೆಗೆ ಬಿಸಿನೀರಿನ ಚೀಲ ಇಡುತ್ತ, “ಅಪ್ಪಂಗೆ ಹೇಳಿಬಿಡೇ” ಎಂದ.

“ನಿಮ್ಮಪ್ಪ ಅಲ್ವಾ? ನೀವೇ ಹೇಳಿ.”

“ನಾನು ಹೇಳಿದ್ರೆ, ಮೊಳೆ ಹೊಡೆಯೋಕೆ ಬರದವನು ಮೇಜಿಗೆ ಹೆಸರಿಡ್ತಾನೆ ಅಂತಾರೆ.”

“ನಾನು ಬೀದಿಯವರ ಮುಂದೆ ಚೆನ್ನಾಗಿದೆ ಅಂದಿದೀನಿ. ಈಗ ಯಾವ ಬಾಯಲ್ಲಿ ಹೇಳಲಿ?”

ಅಷ್ಟರಲ್ಲಿ ಬೇರೆ ಊರಿಗೆ ಮದುವೆಯಾಗಿ ಹೋಗಿದ್ದ ತಮ್ಮ ಮಗಳ ಮನೆಯ ಬಾಗಿಲುಗಳು ಕಚ್ಚಿಕೊಳ್ಳುತ್ತಿವೆಯೆಂದು ಮಾವ ಆರು ದಿನದ ಮಟ್ಟಿಗೆ ಅಲ್ಲಿಗೆ ಹೊರಟರು. ಅವರು ಹೋದ ಎರಡನೆಯ ದಿನ, ರಜೆಯಿದ್ದ ಗಂಡ ಅಳೆಯುವ ಟೇಪು ಹಿಡಿದು ಬಂದ. ಅವಳನ್ನು ಕೂರಿಸಿ, ಮೊಣಕೈಯಿಂದ ನೆಲಕ್ಕೆ ಅಳೆದ. ಇಪ್ಪತ್ತೈದೂವರೆ ಇಂಚು. ಮೇಜು ಇಪ್ಪತ್ತೇಳೂವರೆ.

“ಎರಡೇ ಇಂಚು ಕಣೇ. ನಾಲ್ಕು ಕಾಲಲ್ಲೂ ಎರಡೆರಡು ಇಂಚು ತೆಗೆದ್ರೆ ಅಪ್ಪಂಗೂ ಗೊತ್ತಾಗಲ್ಲ.”

“ಗೊತ್ತಾಗ್ದೇ ಇರತ್ತಾ?”

“ನೋಡೋವ್ರಿಗೆ ಕಾಲಿನ ಉದ್ದ ಯಾಕೆ? ಮಟ್ಟವಾಗಿದ್ರೆ ಸಾಕು.”

ಷೆಡ್ಡಿನಿಂದ ಗರಗಸ ತಂದರು. ಮೇಜನ್ನು ಮಗುಚಿ ಹಾಕಿದರು. ಮೊದಲ ಕಾಲಿಗೆ ಗರಗಸ ಇಡುವಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಗಂಡ, “ಅಮ್ಮ, ಅದು...” ಎಂದ.

ಅತ್ತೆ ಮೇಜನ್ನು ನೋಡಿದರು, ಗರಗಸ ನೋಡಿದರು, ನೋವಿಗೆಂದು ಸೊಸೆ ಕುತ್ತಿಗೆಗೆ ಕಟ್ಟಿಕೊಂಡಿದ್ದ ಪಟ್ಟಿ ನೋಡಿದರು. ಆಮೇಲೆ ಒಳಗೆ ಬಂದು, ಮಗುಚಿದ ಮೇಜಿನ ಅಡ್ಡಪಟ್ಟಿಯ ಮೇಲೆ ಭಾರ ಬಿಟ್ಟು ಕೂತರು.

“ಅಲ್ಲಾಡಬಾರದಲ್ಲ. ಕೊಯ್ಯಿ.”

ಲ್ಯಾಬಿನಲ್ಲಿ ರಕ್ತವನ್ನು ಹನಿ ಲೆಕ್ಕದಲ್ಲಿ ಅಳೆಯುವವನಿಗೆ ಗರಗಸ ಮಾತು ಕೇಳಲಿಲ್ಲ. ಎಳೆದ ಗೆರೆ ಒಂದು, ಕೊಯ್ದ ದಾರಿ ಇನ್ನೊಂದು. ನಾಲ್ಕೂ ಕಾಲು ಕೊಯ್ದು ನಿಲ್ಲಿಸಿದರೆ ಮೇಜು ಕುಂಟಿತು. ಉದ್ದವಿದ್ದ ಕಾಲನ್ನು ಸ್ವಲ್ಪ ತೆಗೆದ. ಬೇರೆ ಕಾಲು ಉದ್ದವಾಯಿತು. ಅದನ್ನು ತೆಗೆದ, ಮೊದಲಿನದು ಗಾಳಿಯಲ್ಲಿ ನಿಂತಿತು.

“ಎರಡು ಬೆಕ್ಕಿಗೆ ಬೆಣ್ಣೆ ಹಂಚೋ ಕೋತಿ ಹಾಗೆ ಆಯ್ತಲ್ಲೋ ನಿನ್ನ ಕಥೆ” ಎಂದರು ಅತ್ತೆ. “ಇನ್ನು ಸ್ವಲ್ಪ ಹೊತ್ತು ಬಿಟ್ರೆ ಇದು ಮಣೆ ಆಗತ್ತೆ.”

ನಿಲ್ಲಿಸಿದಾಗ ಮೇಜಿನ ಎತ್ತರ ಇಪ್ಪತ್ತನಾಲ್ಕು ಇಂಚು ಚಿಲ್ಲರೆ, ಅದೂ ನಾಲ್ಕು ಕಾಲಿಗೆ ನಾಲ್ಕು ಲೆಕ್ಕ. ಅವಳು ಕೂತರೆ ತೊಡೆ ಅಡ್ಡಪಟ್ಟಿಗೆ ತಾಗುತ್ತಿತ್ತು. ಒಂದು ಕಾಲಿನಡಿ ರಟ್ಟು ತುರುಕಿ, ನೆಲದವರೆಗೆ ಇಳಿಯುವ ಬಟ್ಟೆ ಹೊದಿಸಿದರು. ಕೊಯ್ದ ತುಂಡುಗಳನ್ನು ಕಸಕ್ಕೆ ಹಾಕಲು ಅವಳಿಗೆ ಕೈ ಬರಲಿಲ್ಲ. ಟವೆಲಿನಲ್ಲಿ ಸುತ್ತಿ ಕಪಾಟಿನ ಬಟ್ಟೆಗಳ ಹಿಂದೆ ಇಟ್ಟಳು, ಕದ್ದ ಮಾಲಿನ ಹಾಗೆ.

ಮಾವ ಬಂದವರೇ ಕೈಕಾಲು ತೊಳೆದು, ಚಹಾದ ಲೋಟ ಹಿಡಿದು ಕಿಟಕಿಯ ಬಳಿ ಬಂದರು. “ಏನಿದು, ಮೇಜಿಗೆ ಲಂಗ?” ಎಂದು ನಗುತ್ತ ಲೋಟವನ್ನು ಮೇಜಿನ ಮೇಲಿಟ್ಟರು. ಲೋಟದೊಳಗೆ ಚಹಾ ಒಂದು ಬದಿಗೆ ವಾಲಿ ನಿಂತಿತು. ಅವರು ಅದನ್ನೇ ನೋಡಿದರು. ಜೇಬಿನಿಂದ ರಸಮಟ್ಟ ತೆಗೆದಿಟ್ಟರು. ಗುಳ್ಳೆ ತುದಿಗೆ ಓಡಿ ಅಂಟಿಕೊಂಡಿತು. ಬಗ್ಗಿ ಬಟ್ಟೆ ಎತ್ತಿದರು.

“ಯಾರು?”

“ನಾನು ಅಪ್ಪ” ಎಂದ ಗಂಡ.

“ನಾನು ಹೇಳಿದ್ದಕ್ಕೆ ಮಾವ” ಎಂದಳು ಅವಳು.

“ಯಾವ ಗರಗಸ?”

“ಕೆಂಪು ಹಿಡಿಕೆದು.”

“ಅದು ಮರ ಉದ್ದಕ್ಕೆ ಸೀಳೋದು. ಅಡ್ಡಕ್ಕೆ ಕೊಯ್ಯೋದಲ್ಲ.”

ಅಷ್ಟೇ ಹೇಳಿ, ಬಟ್ಟೆಯನ್ನು ಮೊದಲಿದ್ದ ಹಾಗೇ ಇಳಿಬಿಟ್ಟು, ಚಹಾ ಅಲ್ಲೇ ಬಿಟ್ಟು ಹೋದರು.

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಎಲ್ಲರ ಊಟವಾದ ಮೇಲೆ ಬಂದು ಒಬ್ಬರೇ ಕೂತು ಉಂಡರು. ಷೆಡ್ಡಿಗೆ ಹೋಗುತ್ತಿದ್ದರು, ತೋಪಡದ ಸದ್ದು ಬರುತ್ತಿರಲಿಲ್ಲ. ಮೂರನೆಯ ದಿನ ಇಸ್ತ್ರಿ ಅಂಗಡಿಯವನು ಅವಳನ್ನು ತಡೆದು ಕೇಳಿದ.

“ಮೇಸ್ತ್ರಿಗೆ ಹುಷಾರಿಲ್ವಾ ತಾಯಿ? ಆ ಸದ್ದಿಲ್ಲದೆ ನನ್ನ ಕೈಗೆ ತಾಳಾನೇ ಸಿಗ್ತಿಲ್ಲ.”

“ಪ್ರಯಾಣ ಮಾಡಿ ದಣಿದಿದ್ದಾರೆ.”

“ಹೊಸ ಮೇಜು ಹೇಗಿದೆ?”

“ಚೆನ್ನಾಗಿದೆ” ಎಂದು ಅವಳು ಬೇಗಬೇಗ ಮನೆಗೆ ಬಂದಳು. ಅದು ಎಷ್ಟನೆಯ ಸುಳ್ಳೋ ಲೆಕ್ಕ ತಪ್ಪಿತ್ತು.

ಐದನೆಯ ದಿನ ಬೆಳಿಗ್ಗೆ, ಟವೆಲಿನ ಗಂಟು ಹಿಡಿದುಕೊಂಡು ಅವಳು ಷೆಡ್ಡಿಗೆ ಹೋದಳು. ಮಾವ ಕೆಲಸದ ಹಲಗೆಯ ಮುಂದೆ ಸುಮ್ಮನೆ ಕೂತಿದ್ದರು. ಅವಳು ಗಂಟನ್ನು ಬಿಚ್ಚಿ, ಓರೆಕೋರೆ ತುಂಡುಗಳನ್ನು ಅವರ ಮುಂದೆ ಇಟ್ಟಳು.

“ತಪ್ಪಾಯ್ತು ಮಾವ. ಮೊದಲ ದಿನವೇ ಹೇಳ್ಬೇಕಿತ್ತು. ಎತ್ತರ ಆಗಿತ್ತು. ಹೇಳೋಕೆ ಬಾಯಿ ಬರಲಿಲ್ಲ.”

ಅವರು ಒಂದು ತುಂಡನ್ನು ಎತ್ತಿ, ಕೊಯ್ದ ಮುಖದ ಮೇಲೆ ಹೆಬ್ಬೆರಳು ಆಡಿಸಿ ಕೆಳಗಿಟ್ಟರು. ಎದ್ದು ಮೂಲೆಯಿಂದ ‘ಸೊಸೆ ಮೇಜು’ ರೀಪು ತಂದು ನೆಲಕ್ಕೆ ನಿಲ್ಲಿಸಿದರು.

“ನೋಡಮ್ಮ. ನಲವತ್ತು ವರ್ಷದಲ್ಲಿ ರೀಪಿನ ಗೆರೆ ಒಂದು, ಕೆಲಸ ಇನ್ನೊಂದು ಅಂತ ಆಗಿಲ್ಲ. ಮೊಣಕೈ ಗೆರೆ ಇದು. ಮೇಜು ಇಷ್ಟೇ ಇತ್ತೋ ಇಲ್ವೋ? ಒಂದು ಕೂದಲೆಳೆ ಹೆಚ್ಚಿದ್ರೆ ಹೇಳು.”

“ರೀಪು ಸರಿ ಇದೆ ಮಾವ” ಎಂದಳು ಅವಳು. ಮುಂದಿನ ಮಾತು ಆಡುವ ಧೈರ್ಯ ಎಲ್ಲಿಂದ ಬಂತೋ. “ಆದರೆ ಇದು ನಾನಲ್ಲ.”

ಉತ್ತರ ಬಾಗಿಲಿನಿಂದ ಬಂತು.

“ಅದು ನಾನು” ಎಂದರು ಅತ್ತೆ. ಕೈಯಲ್ಲಿ ಚಹಾದ ಲೋಟವಿತ್ತು. “ನೀನು ಫಿಸಿಯೋ ಹತ್ರ ಹೋಗಿದ್ದೆ. ಇವರು ನನ್ನ ಕೂರಿಸಿ ಗೆರೆ ಹಾಕ್ಕೊಂಡ್ರು. ಸೊಸೇನ ಕೂರಿಸಿಕೊಂಡು ಮೊಣಕೈ, ಮೊಣಕಾಲು ಅಂತ ಅಳೆಯೋದು ಹೇಗೆ, ನನಗೆ ನಾಚಿಕೆ, ನೀವಿಬ್ಬರೂ ಒಂದೇ ಎತ್ತರ ತಾನೆ ಅಂದ್ರು. ಸರಿ ಅಂತ ನಾನೂ ಕೂತೆ.”

“ಒಂದೇ ಎತ್ತರ ಅಲ್ವಾ?” ಮಾವನ ದನಿ ಇಳಿದಿತ್ತು.

“ನಿಂತಾಗ.”

ಅದು ನಿಜ. ನಿಂತರೆ ಇಬ್ಬರೂ ಐದು ಅಡಿ ಒಂದು ಇಂಚು, ಒಬ್ಬರ ಚಪ್ಪಲಿ ಒಬ್ಬರಿಗೆ ಆಗುತ್ತಿತ್ತು. ಪಾದದಿಂದ ಮೊಣಕಾಲಿನವರೆಗೂ ಒಂದೇ ಅಳತೆ, ಕುರ್ಚಿಯ ಎತ್ತರ ಇಬ್ಬರಿಗೂ ಸರಿಹೋದದ್ದು ಅದಕ್ಕೇ. ಆದರೆ ಅತ್ತೆಯದು ಉದ್ದ ಬೆನ್ನು, ಸೊಸೆಯದು ಉದ್ದ ತೊಡೆ. ಕೂತರೆ ಅತ್ತೆಯ ಮೊಣಕೈ ಎರಡು ಇಂಚು ಮೇಲೆ.

ಮಾವ ರೀಪನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿದರು. ಕಿವಿ ಕೆಂಪಾಯಿತು. ಆಮೇಲೆ ಷೆಡ್ಡಿನ ಮೂಲೆಯಿಂದ ಹೊಸ ರೀಪು ಎಳೆದು, ಸ್ಟೂಲಿನ ಮೇಲಿನ ಮರದ ಪುಡಿ ಒರೆಸಿದರು.

“ಕೂತ್ಕೋಮ್ಮ.”

ಅವಳು ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿಕೊಂಡು ಕೂತಳು.

“ಹಾಗಲ್ಲ. ನನ್ನ ಮುಂದೆ ಕೂತ ಹಾಗಲ್ಲ. ಕೆಲಸ ಮಾಡೋ ಹಾಗೆ.”

ಅವಳು ಗಾಳಿಯಲ್ಲಿ ಬೆರಳಾಡಿಸಿದಳು. ಮಾವ ಅವಳನ್ನು ಮುಟ್ಟದೆ, ಒಂದು ಮೊಳ ದೂರದಲ್ಲಿ ರೀಪು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಗೆರೆ ಎಳೆದರು. ಎರಡು ರೀಪುಗಳನ್ನು ಪಕ್ಕಪಕ್ಕ ಹಿಡಿದಾಗ ಗೆರೆಗಳ ನಡುವಿನ ಎರಡು ಇಂಚು ಎಲ್ಲರಿಗೂ ಕಂಡಿತು.

“ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ನನ್ನ ಅಳತೆ ತಗೊಂಡಿದ್ದು ಅದೊಂದೇ ಸಲ” ಎಂದರು ಅತ್ತೆ. ಜಗಳದ ದನಿ ಇರಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳುವ ಹಾಗಿತ್ತು. “ಅದೂ ಇನ್ನೊಬ್ಬರ ಮೇಜಿಗೆ.”

“ಏನೇ ಹಾಗಂದ್ರೆ?”

“ಅಡುಗೆಮನೆ ಕಟ್ಟೆ ಯಾರ ಅಳತೇದು?”

ಮಾವ ನಿಧಾನವಾಗಿ ಏಣಿ ಹತ್ತಿ ಅಟ್ಟದ ಹೊರೆಗಳನ್ನು ಸರಿಸಿದರು. ಕಪ್ಪಾದ ಒಂದು ರೀಪು ಹಿಡಿದು ಇಳಿದರು. ಹಿಂದೆ ‘ಅಮ್ಮನ ಕಟ್ಟೆ’ ಎಂದಿತ್ತು. ಅವರ ಅಮ್ಮ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಿದ್ದ ಹೆಂಗಸು, ಹೋಗಿ ಇಪ್ಪತ್ತೆಂಟು ವರ್ಷವಾಗಿತ್ತು. ಮಾವ ಆ ರೀಪನ್ನು ಹೆಂಡತಿಯ ಪಕ್ಕ ನಿಲ್ಲಿಸಿದರು. ಗೆರೆ ಅವರ ಮೊಣಕೈಗಿಂತ ಮೇಲೆ, ತೋಳಿನ ನಡುವಿಗೆ ಬಂದಿತ್ತು.

ಸೊಸೆ ಅಲ್ಲಿ ನಿಲ್ಲಲಾರದೆ ತುಂಡುಗಳಿದ್ದ ಟವೆಲ್ ಮಡಚತೊಡಗಿದಳು. ಮಾವನ ಮುಖ ನೋಡಬಾರದು ಎನಿಸಿತು. ಅತ್ತೆಯ ಮುಖ ನೋಡಲು ತನಗೆ ಮುಖವಿಲ್ಲ ಎನಿಸಿತು. ಅವಳೂ ಅದೇ ಕಟ್ಟೆಯ ಮುಂದೆ ಹತ್ತು ವರ್ಷದಿಂದ ನಿಲ್ಲುತ್ತಿದ್ದವಳು. ದಿನಕ್ಕೆ ಮೂರು ನಾಲ್ಕು ಭುಜನೋವಿನ ವರದಿ ಟೈಪ್ ಮಾಡುತ್ತಿದ್ದವಳು. ಸಂಜೆ ಆರು ಗಂಟೆಯ ಗುದ್ದಿನ ಸದ್ದಿಗೆ ಹೆಡ್‌ಫೋನ್ ಜೋರು ಮಾಡಿದ್ದೂ ಅವಳೇ.

ಮಧ್ಯಾಹ್ನದಿಂದ ತೋಪಡದ ಸದ್ದು ಕೇಳಿಸಿತು. ಕೊಯ್ದ ತುಂಡುಗಳು ಇನ್ನು ಕೂಡುವುದಿಲ್ಲವೆಂದು ಮಾವ ಬೇರೆ ಮರ ತೆಗೆದರು. ಓರೆ ಬೆಸುಗೆ ಹಾಕಿ ನಾಲ್ಕು ಕಾಲಿಗೂ ಹೊಸ ಪಾದ ಕೂರಿಸಿದರು. ಹಳೆಯ ಮರ ಕಂದು, ಹೊಸದು ಬಿಳಿಚು.

“ಬಣ್ಣ ಹಚ್ಚಿದ್ರೆ ಬೆಸುಗೆ ಕಾಣಲ್ಲ ಅಲ್ವಾ ಅಪ್ಪ?” ಎಂದು ಗಂಡ ಕೇಳಿದ.

“ಕಾಣಲಿ” ಎಂದರು ಮಾವ. ಆಮೇಲೆ ಮಗನ ಕೈ ನೋಡಿ, “ಕೊಯ್ಯೋವಾಗ ಬೆರಳಿಗೆ ತಾಗಲಿಲ್ಲ ತಾನೆ? ಆ ಗರಗಸ ಹಾರತ್ತೆ” ಎಂದು ಕೇಳಿದರು. ಆ ರಾತ್ರಿಯಿಂದ ಎಲ್ಲರ ಜೊತೆ ಊಟಕ್ಕೆ ಕೂತರು.

ಫೋಟೋವನ್ನು ಗಿಣಿ ತೆಗೆದಳು. ಪಾದ, ಬೆನ್ನು, ಮೊಣಕೈ, ಕಣ್ಣಿನ ಮಟ್ಟ ಎಂದು ಒಂದೊಂದನ್ನೂ ಒಪ್ಪಿಸಿಯೇ ಗುಂಡಿ ಒತ್ತಿದಳು. ಎರಡು ವಾರದ ನಂತರ ಮೇಲ್ವಿಚಾರಕಿ ಫೋನ್ ಮಾಡಿದಳು.

“ತೊಂಬತ್ತೇಳಕ್ಕೆ ಬಂದಿದೀರಿ. ಇನ್ನೊಂದು ತಿಂಗಳು ನೋಡ್ತೀವಿ, ಹೀಗೇ ಹೋದ್ರೆ ತೊಂದ್ರೆ ಇಲ್ಲ. ಅಂದಹಾಗೆ, ಮೇಜಿನ ಕಾಲಿಗೆ ಅದೇನು ಪಟ್ಟಿ?”

“ಅಳತೆ ತಪ್ಪಾಗಿತ್ತು. ನಾನೇ ಬೇಗ ಹೇಳಲಿಲ್ಲ” ಎಂದಳು ಸೊಸೆ. ಅಷ್ಟು ಹೇಳಿದ್ದಕ್ಕೆ ಎದೆಯಿಂದ ಒಂದು ಇಟ್ಟಿಗೆ ಇಳಿಯಿತು. ಇನ್ನೊಂದು, ಅತ್ತೆಯ ಭುಜದ್ದು, ಅಲ್ಲೇ ಇತ್ತು.

ಅದೇ ವಾರ ಮಾವ ಅಡುಗೆಮನೆಗೆ ಒಂದು ಹಲಗೆ ತಂದರು. ನಾಲ್ಕು ಇಂಚು ಎತ್ತರದ, ಕಟ್ಟೆಯುದ್ದಕ್ಕೂ ಹಾಸುವಂಥದ್ದು, ಅಂಚಿಗೆ ಜಾರದ ಹಾಗೆ ಗೀರು. ರಸಮಟ್ಟ ಇಟ್ಟು ನೋಡಿ, ಬದಿಗೆ ಸರಿದು ನಿಂತರು.

“ಹತ್ತು ನೋಡೇ.”

ಅತ್ತೆ ಹತ್ತಲಿಲ್ಲ. ಸೊಪ್ಪಿನ ಕಟ್ಟು ಹಿಡಿದುಕೊಂಡೇ ಹಲಗೆಯನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿದರು.

“ದಿನಕ್ಕೆ ನೂರು ಸಲ ಹತ್ತಿ ಇಳಿದು ಒಂದಿನ ಕಾಲು ಮುರ್ಕೊಳ್ಳಲಾ? ನಾನು ಏರೋದು ಬೇಡ. ಅದು ಇಳೀಲಿ.”

“ಕಟ್ಟೆ ಇಳಿಸೋದು ಅಂದ್ರೆ ಮೇಲಿನ ಕಲ್ಲು ತೆಗೀಬೇಕು, ಕಪಾಟೆಲ್ಲ ಬಿಚ್ಚಬೇಕು. ಹದಿನೈದು ದಿನ ಅಡುಗೆಮನೆ ಇರಲ್ಲ.”

“ಇರದಿದ್ರೆ ಇರಲ್ಲ.”

ಮಾವ ಗೋಡೆ ನೋಡಿದರು, ಕಲ್ಲು ನೋಡಿದರು. ಆಮೇಲೆ ಅವರು ಷೆಡ್ಡಿಗೆ ಹೋಗಿ ಹೊಸ ರೀಪು, ಪೆನ್ಸಿಲ್ ತಂದರು. ಸೊಸೆ ಬಗ್ಗಿ ರೀಪಿನ ಬುಡವನ್ನು ನೆಲಕ್ಕೆ ಒತ್ತಿ ಹಿಡಿದಳು. ಅತ್ತೆ ಫೋಟೋಗೆ ನಿಂತ ಹಾಗೆ ಸೆಟೆದು ನಿಂತರು.

“ಹಾಗಲ್ಲ. ಹೆಚ್ಚೋ ಹಾಗೆ ನಿಂತ್ಕೋ.”

“ಹೇಗೋ ಏನೋ. ಅಳತೆ ಕೊಟ್ಟು ಅಭ್ಯಾಸ ಇಲ್ಲ ನನಗೆ.”

ಗಿಣಿ ಅಜ್ಜಿಯ ಭುಜಗಳನ್ನು ಎರಡೂ ಕೈಯಿಂದ ಕೆಳಗೆ ಒತ್ತಿ ಇಳಿಸಿದಳು. ಮಾವ ಗೆರೆ ಎಳೆದರು. ರೀಪನ್ನು ತಿರುಗಿಸಿ, ಹಿಂದೆ ಬರೆಯಲು ಹೋಗಿ ತಡೆದರು.

“ಏನು ಬರೀಲಿ? ‘ಅಡುಗೆ ಕಟ್ಟೆ’ ಅಂತ್ಲಾ?”

“ನನ್ನ ಹೆಸರು ಬರೀರಿ. ಮರೆತಿಲ್ಲ ತಾನೆ?”

ಮಾವ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು, ಒಂದೊಂದೇ ಅಕ್ಷರ ಬರೆದರು. ಮನೆಯಲ್ಲಿ ಯಾರೂ ಕರೆಯದ ಆ ಹೆಸರನ್ನು ಗಿಣಿ ಗಟ್ಟಿಯಾಗಿ ಓದಿದಳು. ಆಮೇಲೆ ಕೇಳಿದಳು.

“ಅಜ್ಜಿ, ಭುಜ ನೋಯತ್ತೆ, ಕಟ್ಟೆ ಎತ್ತರ ಅಂತ ಮೊದಲೇ ಯಾಕೆ ಹೇಳಲಿಲ್ಲ?”

“ನಿಮ್ಮಮ್ಮನ್ನ ಕೇಳಿದ ಹಾಗೆ ನನ್ನ ಯಾರೂ ಫೋಟೋ ಕೇಳಲಿಲ್ಲ ಕಣೇ” ಎಂದು ಅತ್ತೆ ಸೊಪ್ಪು ಬಿಡಿಸತೊಡಗಿದರು.

ಮಾವ ಸುತ್ತಿಗೆ ತರುತ್ತೇನೆಂದು ಹೊರಗೆ ಹೋದರು. ಸೊಸೆ ಮಾತ್ರ ತಲೆ ಎತ್ತಿ ಅತ್ತೆಯ ಮುಖ ನೋಡಲಾರದೆ, ಬಗ್ಗಿದ್ದವಳು ಹಾಗೇ ಇದ್ದಳು. ಹಿಡಿಯಲು ರೀಪು ಅಲ್ಲಿರದಿದ್ದರೂ ಕೈ ಇನ್ನೂ ನೆಲದ ಮೇಲಿತ್ತು.